ಪೂಜೆಗಿಟ್ಟ ಮದರ್‌ಬೋರ್ಡ್

ಕೋಪ ಬರಲ್ವಾ, ನೀವೇ ಹೇಳಿ. ವರ್ಷವೆಲ್ಲ ಕೂತು ಮಾಡಿದ ಕೆಲಸಕ್ಕೆ ಕೊನೇ ಪರೀಕ್ಷೆ ಬಾಕಿ ಇದೆ, ಅಷ್ಟರಲ್ಲಿ ನಮ್ಮ ವಸಂತಿ ಮೇಡಂ ಬಂದು, ಬೋರ್ಡು ಪೂಜೆಗೆ ಕೊಡಿ ಅಂದರು.

ತಿರುವನಂತಪುರದ ಪಟ್ಟಂನಲ್ಲಿ ಮೇಡಂದು ಕಂಪ್ಯೂಟರ್ ಜೋಡಿಸುವ ಸಣ್ಣ ಕಂಪನಿ. ಮೈಸೂರಿಂದ ಹೋದ ನಾನು, ದಿನಕರ, ಅಲ್ಲಿ ಪ್ರಿಂಟರ್ ರಿಪೇರಿ ಮಾಡಿ ಮಾಡಿ ಸಾಕಾಗಿ, ಮದರ್‌ಬೋರ್ಡಿಗೆ ಒಂದು ಫ್ಯಾನ್ ಕಂಟ್ರೋಲ್ ಮಾಡಿದ್ದೆ. ಪ್ರೊಸೆಸರ್ ತಣ್ಣಗಿದ್ದರೆ ಫ್ಯಾನ್ ನಿಧಾನ, ಬಿಸಿಯಾದರೆ ಜೋರು. ಸದ್ದು ಕಮ್ಮಿ, ಒಳಗೆಳೆಯೋ ಧೂಳು ಕಮ್ಮಿ, ಕರೆಂಟೂ ಒಂಚೂರು ಕಮ್ಮಿ. ಕೊಚ್ಚಿಯ ಒಂದು ಬ್ಯಾಂಕು ಅದನ್ನು ಒಪ್ಪಿದರೆ ನಾನು ಡಿಸೈನ್ ವಿಭಾಗದಲ್ಲೇ ಉಳೀತೀನಿ, ಇಲ್ಲಾಂದ್ರೆ ಮತ್ತೆ ಪ್ರಿಂಟರು. ಮೇಡಂ ಅದನ್ನು ಮೊದಲೇ ಹೇಳಿಬಿಟ್ಟಿದ್ದರು.

ನಮ್ಮೂರಲ್ಲಿ ಆಯುಧಪೂಜೆ ಅಂದ್ರೆ ಮಂಗಳಾರತಿ ಆದ ತಕ್ಷಣ ಸ್ಕೂಟರ್ ಸ್ಟಾರ್ಟ್ ಮಾಡ್ತೀವಿ. ಅದೇ ಧೈರ್ಯದಲ್ಲಿ ನಾನು ಪ್ರೊಸೆಸರ್ ಬಿಚ್ಚಿಟ್ಟುಕೊಂಡು ಬೋರ್ಡು ಕೊಟ್ಟೆ. ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳಿದರೆ ಮೇಡಂ ಗಾಬರಿಯಾದರು. ಇಲ್ಲಿ ಪೂಜೆಗಿಟ್ಟದ್ದನ್ನು ವಿಜಯದಶಮಿ ಬೆಳಿಗ್ಗೆವರೆಗೂ ಮುಟ್ಟೋ ಹಾಗಿಲ್ಲವಂತೆ. ಪುಸ್ತಕ, ಸ್ಪ್ಯಾನರ್, ನನ್ನ ಮೀಟರು, ಎಲ್ಲಾ ಸರಸ್ವತಿ ಪಟದ ಮುಂದೆ. ಅಲ್ಲಿವರೆಗೂ ಹಲ್ಲು ಕಚ್ಚಿಕೊಂಡು ಓಡಾಡಿದೆ. ದಶಮಿ ಬೆಳಿಗ್ಗೆ ಪೂಜೆ ಎತ್ತಿದ್ದೇ ತಡ, ಬೋರ್ಡನ್ನು ಡಬ್ಬಿಗೆ ಹಾಕ್ಕೊಂಡು ಕೊಚ್ಚಿ ರೈಲು ಹತ್ತಿದೆ.

ಮಾರನೇ ದಿನ ಬ್ಯಾಂಕಲ್ಲಿ ಪರೀಕ್ಷೆ. ಅಲ್ಲಿನ ಕಂಪ್ಯೂಟರ್ ವಿಭಾಗದ ಅಧಿಕಾರಿ ಮಂದಾಕಿನಿ, ಧಾರವಾಡದವರು, ಕನ್ನಡದಲ್ಲೇ ಮಾತಾಡಿಸಿ ಚಹಾ ಕೊಟ್ಟರು. ಪ್ರೊಸೆಸರ್ ಕೂರಿಸಿ, ಅದರ ಬೆವರಿಳಿಸೋ ಅಂಥ ಪ್ರೋಗ್ರಾಂ ಓಡಿಸಿದೆ. ಮೀಟರಿನಲ್ಲಿ ವ್ಯಾಟ್ ಏರಿತು. ಪರದೆ ಮೇಲೆ ಉಷ್ಣತೆ ಮಾತ್ರ ಇದ್ದಲ್ಲೇ ಇತ್ತು. ಫ್ಯಾನು ಸೋಮಾರಿ ಥರ ತಿರುಗ್ತಿತ್ತು.

“ಕರೆಂಟ್ ಇಷ್ಟ್ ತಗೊಳ್ಳಿಕತ್ತದ, ಬಿಸಿ ಎಲ್ಲಿ ಹೋತ್ರಿ?” ಅಂದರು ಮಂದಾಕಿನಿ.

ಪ್ರೊಸೆಸರ್ ಮೇಲೆ ಕೂತ ಹೀಟ್‌ಸಿಂಕ್ ಮುಟ್ಟಿದೆ, ಬೆರಳು ಚುರ್ ಅಂತು. ಅಷ್ಟರಲ್ಲಿ ಯಂತ್ರ ಹ್ಯಾಂಗ್ ಆಯ್ತು.

ಬಿಚ್ಚಿ ನೋಡಿದರೆ, ಪ್ರೊಸೆಸರ್ ಕೂರುವ ಸಾಕೆಟ್ಟಿನ ನಟ್ಟನಡುವೆ, ಬಿಸಿ ಅಳೆಯುವ ಪುಟ್ಟ ಸೆನ್ಸರ್ ಮೇಲೆ, ಅದಕ್ಕೆ ಬಿಸಿಯೇ ತಾಗದ ಹಾಗೆ, ಒಣಗಿದ ಗಂಧ. ಸಾಕೆಟ್ಟೂ ಅದೇ ಬಣ್ಣ, ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಇಷ್ಟು ದೊಡ್ಡ ಬೋರ್ಡಿನಲ್ಲಿ ಅದನ್ನಿಟ್ಟ ಮಹಾತಾಯಿಗೆ ಬೇರೆ ಜಾಗವೇ ಸಿಗಲಿಲ್ಲವಾ. ಮೈಯೆಲ್ಲ ಉರಿದುಹೋಯಿತು. ಕೆರೆದು, ಒರೆಸಿ, ಮತ್ತೆ ಓಡಿಸಿದೆ. ಉಷ್ಣತೆ ಏರಿತು, ಹಿಂದೆಯೇ ಫ್ಯಾನ್ ಗುಂಯ್ ಅಂತ ಜೋರಾಯಿತು. ಸದ್ಯ, ಗೆದ್ದೆ ಅಂದುಕೊಂಡೆ.

“ಛಲೋ ಆತು,” ಅಂದರು ಮಂದಾಕಿನಿ. “ಆದ್ರ ಸೆನ್ಸರ್ ಸುಳ್ಳು ಹೇಳಿದ್ರ ಫ್ಯಾನ್ ಏನ್ ಮಾಡಬೇಕು ಅಂತ ನೋಡೀರೇನು?”

“ಅದು ಗಂಧದಿಂದ ಆಗಿದ್ದು ಮೇಡಂ.”

“ಗಂಧ ಬಿಡ್ರಿ. ನಮ್ಮ ಶಾಖೆಗಳೊಳಗ ಧೂಳು, ಉಪ್ಪುಗಾಳಿ, ಜಿರಳಿ ಎಲ್ಲಾ ಅದಾವ.”

ಆ ಪರೀಕ್ಷೆ ನನ್ನ ತಲೆಗೇ ಹೊಳೆದಿರಲಿಲ್ಲ. ಬೋರ್ಡು ಮೊದಲೇ ಕೈಗೆ ಸಿಕ್ಕಿದ್ದರೂ ಮಾಡ್ತಿರಲಿಲ್ಲ. ಯಾರ ಮೇಲೆ ಕೂಗಾಡೋದು?

“ಫ್ಯಾನ್ ಯಾವಾಗ್ಲೂ ಜೋರಾಗೇ ತಿರಗಲಿ. ಹಂಗ ಕೊಟ್ರ ಬೋರ್ಡ್ ತಗೋತೀವಿ,” ಅಂದರು. ಅವರ ಎದುರಿಗೇ ಕೂತು ನನ್ನ ಕಂಟ್ರೋಲಿನ ತಂತಿ ಕತ್ತರಿಸಿ, ಫ್ಯಾನನ್ನು ನೇರ ಹನ್ನೆರಡು ವೋಲ್ಟಿಗೆ ಜೋಡಿಸಿಕೊಟ್ಟೆ. ಅವರು ಸಹಿ ಹಾಕಿದರು.

ಎಸ್‌ಟಿಡಿ ಬೂತಿನಿಂದ ವಸಂತಿ ಮೇಡಂಗೆ ಫೋನ್ ಮಾಡಿದೆ. ಆರ್ಡರ್ ಸಿಕ್ಕಿದೆ, ಫ್ಯಾನ್ ಕಂಟ್ರೋಲ್ ಮಾತ್ರ ಬೇಡವಂತೆ ಅಂದೆ.

“ನನಗೆ ಗೊತ್ತಿತ್ತು ದಿನಕರ. ನಿಮ್ಮ ಬೋರ್ಡಿಗೆ ನಾನೇ ಕೈಯಾರೆ ಗಂಧ ಇಟ್ಟಿದ್ದೆ,” ಅಂದರು. ದನಿಯಲ್ಲಿ ಸಂತೋಷ ತುಂಬಿ ತುಳುಕ್ತಿತ್ತು. ಆಮೇಲೆ ಅದೇ ಅಕ್ಕರೆಯಿಂದ, “ಸೋಮವಾರದಿಂದ ನೀವು ಪ್ರಿಂಟರ್ ಕಡೆ ನೋಡ್ಕೊಳ್ಳಿ, ಆಯ್ತಾ?” ಅಂದರು.

ಆಯ್ತು ಮೇಡಂ ಅಂದೆ.