ಬಾಯಿ ತೆರೆದ ಸೀಸೆಗಳು

ಆ ವಾಸನೆ, ಅದೇ, ಸಿಹಿಯಾಗಿ ಬಂದು ಮೂಗಿನ ಬುಡಕ್ಕೆ ಚುಚ್ಚುವ ಡ್ರೈ ಕ್ಲೀನ್ ಆದ ಉಣ್ಣೆ ಕೋಟುಗಳ ವಾಸನೆ, ಕೈಯಲ್ಲಿನ ಗ್ಯಾಸ್ ಮೀಟರಿನ ಅಂಕಿ ಏಳುವ ಮೊದಲೇ ಅವಳ ಮೂಗು ಹೇಳಿಬಿಟ್ಟಿತ್ತು — ಭಾವನ ವಾಸನೆ ಇದು, ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿದರೆ ಕೋಣೆಯೆಲ್ಲ ಹರಡುತ್ತಿದ್ದದ್ದು. ಅಪ್ಪ ಹೋದ ಮೇಲೆ ಅಕ್ಕನ ಜೊತೆಗೆ ಅವಳನ್ನೂ ಕರೆತಂದು ಸಾಕಿ ಓದಿಸಿದ ಭಾವ, ಈ ಡ್ರೈ ಕ್ಲೀನಿಂಗ್ ಅಂಗಡಿಯ ಮಾಲೀಕರು, ಜಾಗ ಕೊಳ್ಳುವವರು ಮೊದಲು ಮಣ್ಣು ನೀರು ಪರೀಕ್ಷೆ ಮಾಡಿಸಿ ಎಂದದ್ದಕ್ಕೆ ಹಿತ್ತಲಲ್ಲಿ ಬಂದು ನಿಂತಿದ್ದಾರೆ, ನಿಂತು, ಪರೀಕ್ಷೆಗೆ ಬಂದ ಅವಳನ್ನು ಮೇಡಂ ಎನ್ನುತ್ತಿದ್ದಾರೆ. ನೆರಳಿಗೆ ಬನ್ನಿ ಮೇಡಂ. ಇಷ್ಟು ವರ್ಷ ಪುಟ್ಟಿ ಎಂದ ಬಾಯಿ ಕೊಳವೆ ಬಾವಿ ಕೊರೆಯುವವರ ಎದುರು ಹೊಸ ಪಾಠ ಒಪ್ಪಿಸಿದಂತೆ ತಡವರಿಸುತ್ತದೆ, ನಗು ಬರಬೇಕಿತ್ತು, ಬರಲಿಲ್ಲ, ಪಾಠ ಹೇಳಿಕೊಟ್ಟವಳು ಅವಳೇ ತಾನೆ, ಜಾಗದವರ ಪರಿಚಯ ಏನಾದ್ರೂ ಇದೆಯಾ ಎಂದು ಆಫೀಸಿನಲ್ಲಿ ಸಾಹೇಬರು ಕೇಳಿದಾಗ ಇಲ್ಲ ಸಾರ್ ಎಂದವಳೂ ಅವಳೇ, ಅನ್ನ ಹಾಕಿದ ಮನೆಯನ್ನೇ ಗುರುತಿಲ್ಲ ಎಂದ ನಾಲಿಗೆ ಇದು, ನಾಚಿಕೆಯಾಗಬೇಡವೇ.

ಕೊಳವೆಯಲ್ಲಿ ನಿಂತ ಹಳೆ ನೀರನ್ನು ಎತ್ತಿ ಚೆಲ್ಲು, ಮಣ್ಣಿನೊಳಗಿಂದ ಹೊಸ ನೀರು ಬರಲಿ, ಉಕ್ಕುವಂತೆ ಸೀಸೆ ತುಂಬು, ತಟ್ಟನೆ ಮುಚ್ಚಳ ಬಿಗಿ, ಐಸಿನ ಪೆಟ್ಟಿಗೆಗೆ ಹಾಕು — ಹೊಸಬರಿಗೆ ಅವಳು ಹೇಳಿಕೊಡುವುದು ಹೀಗೆ, ಒಂದು ಗುಳ್ಳೆ ಸಹ ಉಳಿಸಬೇಡ್ರಪ್ಪಾ, ಈ ಕೆಮಿಕಲ್ ಕಳ್ಳಬೆಕ್ಕು ಇದ್ದಹಾಗೆ, ಸಂದು ಸಿಕ್ಕರೆ ಸಾಕು ಆವಿಯಾಗಿ ಓಡಿಹೋಗುತ್ತೆ. ಇವತ್ತು ಸೀಸೆಗಳು ಕಾಂಪೌಂಡ್ ಗೋಡೆಯ ಮೇಲೆ ಸುಡುಬಿಸಿಲಿನಲ್ಲಿ ಬಾಯಿ ತೆರೆದು ನಿಂತಿವೆ, ಮುಚ್ಚಳಗಳು ಅವಳ ಮುಷ್ಟಿಯಲ್ಲಿ, ಕಿವಿಗೆ ಫೋನು, ಆ ಕಡೆ ಯಾರೂ ಇಲ್ಲ, ಸುಮ್ಮನೆ ಹೂಂ ಹೂಂ ಎನ್ನುತ್ತಿದ್ದಾಳೆ. ಇನ್ನು ಸ್ವಲ್ಪ ಹೊತ್ತು, ಓಡಿಹೋಗಲಿ, ಆಮೇಲೆ ಮೇಲಿಷ್ಟು ಹನಿ ನೀರು ಹಾಕಿ ಬಿಗಿದರೆ ಗುಳ್ಳೆಯೂ ಇಲ್ಲ, ಸುಳಿವೂ ಇಲ್ಲ, ಲ್ಯಾಬಿನವರ ಅಪ್ಪನಿಗೂ ತಿಳಿಯದು — ಥೂ, ಇದಕ್ಕೇನೇ ನಿನ್ನನ್ನು ಓದಿಸಿದ್ದು. ಅಕ್ಕ ಕೇಳಿದ್ದು ಇಷ್ಟೇ, ಅಂಗಡಿ ಮಾರಿಹೋದ್ರೆ ಸಾಕು ಕಣೇ, ಅವರ ಕೈ ನೋಡಿದ್ಯಾ, ಇಸ್ತ್ರಿಪೆಟ್ಟಿಗೆ ಹಿಡಿಯೋಕಾಗಲ್ಲ. ನೋಡಿದ್ದಾಳೆ. ಬಳಸಿ ಉಳಿದ ಕೆಮಿಕಲ್ಲನ್ನು ವರ್ಷಗಟ್ಟಲೆ ಇದೇ ಹಿತ್ತಲಿಗೆ ಸುರಿದ ಕೈ, ಆಗ ಬೇಡವೆಂದವರು ಯಾರು, ಭಾವ ತಿಳಿದು ಮಾಡಿದ್ದಲ್ಲ, ತಿಳಿದೂ ಮಾಡುತ್ತಿರುವವಳು ಇವಳು. ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ, ಇಲ್ಲಿ ತಿಂದವರೊಬ್ಬರು, ಕುಡಿಯುವವರು ಇನ್ನೊಬ್ಬರು, ನೆಲದಡಿಯ ನೀರು ಹರಿಯುವುದು ಗೋಡೆಯಾಚೆಗೆ, ಆಚೆ ಮನೆಗೊಂದು ಬಾವಿ ಇದೆ, ಬೆಳಿಗ್ಗೆಯೇ ಕಂಡಿದ್ದಾಳೆ, ಕಂಡೂ ಬೆನ್ನು ತಿರುಗಿಸಿದ್ದಾಳೆ.

ಏನಮ್ಮಾ, ಆಗಿಂದ ಬಿಸಿಲಲ್ಲೇ ನಿಂತಿದ್ದೀರಲ್ಲ — ಆಚೆ ಮನೆಯ ಟೈಲರಮ್ಮ, ಕೊರಳಲ್ಲಿ ಅಳತೆ ಟೇಪು, ಸೀಸೆಗಳ ಪಕ್ಕದಲ್ಲೇ ಲೋಟ ಇಡುತ್ತಾಳೆ, ತಗೊಳ್ಳಿ, ನಮ್ಮ ಬಾವೀದೇ, ತಣ್ಣಗಿದೆ. ಬೇಡಮ್ಮಾ, ಈಗಷ್ಟೇ ಕುಡಿದೆ. ನಾಲಿಗೆ ಒಣಗಿ ಅಂಗುಳಿಗೆ ಅಂಟಿದೆ, ಆದರೂ ಬೇಡ, ತನಗೆ ಮಾತ್ರ ಬೇಡ, ಎಂಥ ಹೆಂಗಸು ನೀನು, ನೀವೂ ಕುಡೀಬೇಡಿ ಅಂತ ಹೇಳು, ಹೇಳಿದರೆ ಯಾಕೆ ಅನ್ನುತ್ತಾಳೆ, ಯಾಕೆ ಅಂದರೆ ಸೀಸೆ, ಸೀಸೆ ಅಂದರೆ ಭಾವ, ಭಾವ ಇತ್ತಲೇ ನೋಡುತ್ತಿದ್ದಾರೆ, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ಚೆಲ್ಲೋದ್ಯಾಕೆ ಬಿಡಿ ಎಂದು ಟೈಲರಮ್ಮ ತಾನೇ ಲೋಟ ಎತ್ತುತ್ತಾಳೆ, ಕತ್ತು ಹಿಂದಕ್ಕೆ ಬಾಗುತ್ತದೆ, ಟೇಪು ಜಾರುತ್ತದೆ, ಗಂಟಲು ಮೇಲೇರಿ ಕೆಳಗಿಳಿಯುತ್ತದೆ, ಹೇಳೇ, ಹೂಂ ಎನ್ನುತ್ತಿದ್ದಾಳೆ ಇನ್ನೂ ಫೋನಿಗೆ, ಗಂಟಲು ಮೇಲೇರಿ ಕೆಳಗೆ, ಮುಚ್ಚಳಗಳ ಅಂಚು ಅಂಗೈಗೆ ಒತ್ತುತ್ತಿದೆ, ಹೇಳೇ ಪುಟ್ಟಿ, ಗಂಟಲು ಮೇಲೆ, ಕೆಳಗೆ