ಹೊಟ್ಟಿನಲ್ಲಿ ಬೆಳೆದ ಹರಳು

ಚಾಂದ್ ಬಿ ನಂದೀಶ್ವರಯ್ಯನವರ ಕೈಗೆ ಫಟ್ಟೆಂದು ಹೊಡೆದಳು.

"ಮುಚ್ಚಳ ಮುಟ್ಬ್ಯಾಡಿ ಅಂದ್ನಲ್ಲ! ಎರಡು ಗಡಿಗೆ ಇಂಗೇ ಹಾಳ್ಮಾಡಿದ್ರಿ."

"ಉಷ್ಣತೆ ನೋಡ್ಬೇಕಮ್ಮ." ಅವರ ಇನ್ನೊಂದು ಕೈಯಲ್ಲಿ ಥರ್ಮಾಮೀಟರ್ ಇತ್ತು.

"ಯಾಕೆ, ಗಡಿಗೆಗೇನು ಜ್ವರ ಬಂದೈತಾ?"

ಮಧುಗಿರಿಯ ನಂದೀಶ್ವರಯ್ಯನವರು ನಾಲ್ಕು ವರ್ಷ ಅಮೆರಿಕದಲ್ಲಿ ಬೆಳಕಿನ ವಿಜ್ಞಾನ ಓದಿ ೧೯೬೪ರಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಬಂದಿದ್ದರು. ಅಲ್ಲಿ ಲೇಸರ್ ಎಂಬ ಹೊಸ ಯಂತ್ರವೊಂದು ಕೆಂಪು ಬೆಳಕನ್ನು ಕಾರುತ್ತಿತ್ತು. ಆ ಬೆಳಕನ್ನು ಗೊಬ್ಬರದಂಥ ಒಂದು ಉಪ್ಪಿನ ಶುದ್ಧ ಹರಳಿನೊಳಗೆ ಹಾಯಿಸಿದರೆ ಅದರಲ್ಲೊಂದಿಷ್ಟು ನೇರಳೆಗೂ ಆಚೆಯ ಬೆಳಕಾಗಿ ಹೊರಬರಬೇಕು. ಕಣ್ಣಿಗೆ ಕಾಣದ ಆ ಬೆಳಕಿಗಾಗಿ ಮೂವರು ವಿದ್ವಾಂಸರು ಎರಡು ವರ್ಷ ಹರಳು ಬೆಳೆಸಿ, ಬಿರುಕುಗಳ ಅಮೂಲ್ಯ ಸಂಗ್ರಹವೊಂದನ್ನು ಸಂಪಾದಿಸಿದ್ದರು. ಕೊನೆಗೆ ನಂದೀಶ್ವರಯ್ಯನವರಿಗೆ ತಮ್ಮೂರಿನ ಪಕ್ಕದ ಶಿರಾದಲ್ಲಿ ಕಲ್ಲುಸಕ್ಕರೆಯ ಹರಳು ಬೆಳೆಸುವ ಚಾಂದ್ ಬಿಯ ನೆನಪಾಯಿತು.

ಚಾಂದ್ ಬಿಯ ಷರತ್ತು ಒಂದೇ. ಅವಳ ಕಲ್ಲುಸಕ್ಕರೆ ಇಪ್ಪತ್ತು ವರ್ಷದಿಂದ ಪೇಟೆಯ ವರ್ತಕರ ಚೀಟಿ ಅಂಟಿಸಿಕೊಂಡು ಮಾರಾಟವಾಗುತ್ತಿತ್ತು. "ಈ ಹರಳು ಬಂದ್ರೆ ನೀವು ಅಚ್ಚು ಹಾಕ್ಸೋ ಕಾಗದದಾಗೆ ನನ್ನ ಹೆಸ್ರು ಬರ್ಬೇಕು ಸಾಬ್." ನಂದೀಶ್ವರಯ್ಯ ದೇವರಾಣೆ ಇಟ್ಟಿದ್ದರು. ವಿಜ್ಞಾನಿಗಳು ದೇವರನ್ನು ನಂಬುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಉಪ್ಪಿನ ಬಿಸಿ ದ್ರಾವಣದ ಗಡಿಗೆಯನ್ನು ಅವಳು ಭತ್ತದ ಹೊಟ್ಟಿನಲ್ಲಿ ಹುಗಿದಿದ್ದಳು. ದಾರದ ಬದಲು ಕುದುರೆ ಕೂದಲಿನಲ್ಲಿ ಬೀಜದಂತೆ ಸಣ್ಣ ಹರಳೊಂದನ್ನು ಇಳಿಬಿಟ್ಟಿದ್ದಳು. ಬಿಸಿ ತಾನಾಗಿ, ನಿಧಾನವಾಗಿ ಇಳಿಯಬೇಕು, ಅಷ್ಟೇ. ಈ ಸಲ ನಂದೀಶ್ವರಯ್ಯ ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡು ಬೆಂಗಳೂರಿಗೆ ಹೋದರು. ವಿಜ್ಞಾನಕ್ಕೆ ಅವರ ದೊಡ್ಡ ಕೊಡುಗೆ ಅದೇ.

ಇಪ್ಪತ್ತೆರಡನೆಯ ದಿನ ನೀರಿನಷ್ಟು ತಿಳಿಯಾದ ಹರಳು ಸಿಕ್ಕಿತು. ಪ್ರಯೋಗಾಲಯದ ಫೋಟೋ ಫಲಕದ ಮೇಲೆ ಕಣ್ಣಿಗೆ ಕಾಣದ ಆ ಬೆಳಕಿನ ಚುಕ್ಕೆಯೊಂದು ಮೂಡಿತು.

ಆರು ತಿಂಗಳ ನಂತರ ನಂದೀಶ್ವರಯ್ಯ ಅಚ್ಚಾದ ಲೇಖನ ಹಿಡಿದು ಬಂದರು.

"ನನ್ನ ಹೆಸ್ರು ಎಲ್ಲೈತೆ? ಬೆರಳಿಟ್ಟು ತೋರ್ಸಿ."

ಬೆರಳು ಪುಟವಿಡೀ ಓಡಾಡಿತು. ನಂದೀಶ್ವರಯ್ಯನವರ ರಜೆಗೆ ಸಹಿ ಹಾಕಿದ್ದಷ್ಟೇ ಮಾಡಿದ್ದ ನಿರ್ದೇಶಕರ ಹೆಸರು ಮೊದಲಿತ್ತು. ಬೆರಳು ಕೊನೆಗೊಂದು ಸಾಲಿನ ಮೇಲೆ ನಿಂತಿತು. "ಇಲ್ಲಿ... 'ಸ್ಥಳೀಯ ಉಪಕರಣದ ನೆರವಿನಿಂದ' ಅಂತ ಹಾಕಿದೀವಿ."

"ಉಪಕರಣ ಅಂದ್ರೆ ಗಡಿಗೆನಾ, ನಾನಾ?"

ಅವರು ಕೆಮ್ಮಿದರು. "ಇದರ ಎರಡರಷ್ಟು ದೊಡ್ಡ ಹರಳು ಬೇಕಾಗಿದೆಯಮ್ಮ. ನಿಮಗೆ ನಮ್ಮ ಪ್ರಯೋಗಾಲಯದಲ್ಲೇ ಕೆಲಸ ಕೊಡಿಸ್ತೀನಿ. ಅಟೆಂಡರ್ ಕೆಲಸ, ಸರ್ಕಾರದ್ದು, ವರ್ಷಕ್ಕೆ ಎರಡು ಸೀರೆ. ಏನಂತೀರಿ?"

"ಬ್ಯಾಡ," ಎಂದಳು ಚಾಂದ್ ಬಿ.