ದೇವರು ಏನೇನಲ್ಲ

ಮೈಮೊನಿಡೀಸನ ಮಾತನ್ನು ಸೂಪಿಗೆ ಮೊದಲು ತೆಗೆಯಬೇಕೋ, ಆಮೇಲೋ? ಸ್ಟೌಫ್‌ವಿಲ್‌ನಿಂದ ಥಾರ್ನ್‌ಹಿಲ್ ತಲುಪಿದರೂ ನಿಜಗುಣನಿಗೆ ತೀರ್ಮಾನವಾಗಲಿಲ್ಲ.

"ಅಪ್ಪಾ, ಬೀಗರ ಮನ್ಯಾಗ ಲೆಕ್ಚರ್ ಬ್ಯಾಡ," ಕಾರು ನಿಲ್ಲಿಸುತ್ತ ಮಗಳು ಮಹಿಮಾ ಅಂದಳು. "ಜಸ್ಟ್ ಈಟ್."

"ನಾ ಏನರೆ ಅಂದ್ನೇನವಾ?"

ಅಂದಿರಲಿಲ್ಲ. ತಯಾರಿ ಮಾತ್ರ ಜೋರಾಗಿತ್ತು. ಜೋಶ್ ಎಂಬ ಯಹೂದಿ ಹುಡುಗನನ್ನು ಮದುವೆಯಾಗುವೆನೆಂದು ಮಗಳು ಹೇಳಿದ ದಿನ, "ನಮ್ಮದು ಅಂತ ಒಂದು ಇರ್ತದಲ್ಲ," ಎಂದು ಗೊಣಗಿದ್ದ. "ನಮ್ಮದು ಅಂದ್ರ ಏನಪ್ಪಾ?" ಎಂದಿದ್ದಳು. ಅದಕ್ಕೆ ಉತ್ತರ ಕೊಡುವ ಬದಲು ನಿಜಗುಣ ಲೈಬ್ರರಿಯಲ್ಲಿ ಮಧ್ಯಯುಗದ ಯಹೂದಿ ತತ್ತ್ವಶಾಸ್ತ್ರದ ಎಂಟು ವಾರದ ಕೋರ್ಸು ಸೇರಿಬಿಟ್ಟ. ಸೇತುವೆ ಕಟ್ಟಿ ನಿವೃತ್ತನಾದ ಎಂಜಿನಿಯರು, ತನ್ನ ದಡದ ನೆಲ ಗಟ್ಟಿಯಿದೆಯೇ ಎಂದು ನೋಡದೆ ಆಚೆ ದಡದಿಂದ ಕೆಲಸ ಶುರುಮಾಡಿದ್ದ.

ಬುದ್ಧಿಗೂ ದೇವವಾಣಿಗೂ ಜಗಳವಿಲ್ಲವೆಂದ ಸಾದಿಯಾ. ತರ್ಕದ ದೇವರಿಗಾಗಿ ಯಾರೂ ಪ್ರಾಣ ಕೊಡುವುದಿಲ್ಲವೆಂದ ಹಲೇವಿ. ದೇವರು ಏನೇನಲ್ಲ ಎಂಬುದನ್ನಷ್ಟೇ ಹೇಳಬಹುದು, ಏನು ಎಂದು ಹೇಳಲಾಗದೆಂದ ಮೈಮೊನಿಡೀಸ್. ಮೂವರೂ ಕಾರ್ಡುಗಳಾಗಿ ಕೋಟಿನ ಜೇಬಿನಲ್ಲಿದ್ದರು. ಬೀಗರೆದುರು ಮಗಳು ಒಮ್ಮೆ ಹೆಮ್ಮೆಯಿಂದ ತನ್ನತ್ತ ನೋಡಿದರೆ ಸಾಕಿತ್ತು.

ಜೋಶ್ ಶಿಫ್ಟಲ್ಲಿದ್ದ. ಸೂಪಿನ ನಡುವೆ ನಿಜಗುಣ ಮೈಮೊನಿಡೀಸನನ್ನು ಹೊರಬಿಟ್ಟ.

"ಯಾರು?" ಎಂದರು ಜೋಶನ ತಂದೆ ಹಾರ್ವಿ, ಹಲ್ಲಿನ ಡಾಕ್ಟರು. "ಆ ಹೆಸರಿನ ಒಂದು ಆಸ್ಪತ್ರೆ ಇರಬೇಕು."

ನಿಜಗುಣ ಹನ್ನೆರಡನೆಯ ಶತಮಾನವನ್ನು ವಿವರಿಸಿದ. ಹಾರ್ವಿ ಸೌಜನ್ಯದಿಂದ ಬ್ರೆಡ್ಡು ಮುಂದೆ ತಳ್ಳಿದರು.

"ಅದೆಲ್ಲ ನಮ್ಮಪ್ಪನ ಕಾಲಕ್ಕೇ ಮುಗಿಯಿತು. ನಿಮ್ಮದು ಹೇಳಿ. ನೀವೇನು ನಂಬುತ್ತೀರಿ?"

"ನಾವು ಲಿಂಗಾಯತರು. ಗುಡಿ ಬೇಕಿಲ್ಲ."

"ಮತ್ತೆ?"

"ಜಾತಿ ಇಲ್ಲ."

ಮಹಿಮಾ ತಲೆಯೆತ್ತಿದಳು. ತನಗೆ ತಮ್ಮ ಒಳಪಂಗಡದ ವರನನ್ನೇ ಹುಡುಕುತ್ತ ಅಪ್ಪ ಐದು ವರ್ಷ ಈಮೇಲ್ ಬರೆದದ್ದು ಅವಳಿಗೆ ಗೊತ್ತಿತ್ತು.

"ಸತ್ತವರನ್ನು ಸುಡುವುದಿಲ್ಲ. ಮಾಂಸ ತಿನ್ನುವುದಿಲ್ಲ," ಎಂದ ನಿಜಗುಣ. ಅವನ ಚಮಚದಲ್ಲಿ ಕೋಳಿಯ ತುಂಡಿತ್ತು.

"ಸರಿ. ಇರುವುದೇನು?" ಹಾರ್ವಿ ನಿಜವಾಗಿಯೂ ತಿಳಿಯಲೆಂದೇ ಕೇಳಿದರು.

ಕೈ ತಾನಾಗಿ ಜೇಬಿಗೆ ಹೋಯಿತು. ಅಲ್ಲಿದ್ದ ಕಾರ್ಡುಗಳಲ್ಲಿ ಹಾರ್ವಿಯ ಕಡೆಯ ಮೂವರೇ ಇದ್ದರು. ನಿಜಗುಣನಿಗೆ ನಾಚಿಕೆಯಾಯಿತು.

ಊಟ ಮುಗಿದ ಕೂಡಲೇ ಮಹಿಮಾ, "ಹೋಗೋಣಪ್ಪಾ," ಎಂದು ಕಾರಿಗೆ ನಡೆದಳು.

ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟಿನ ಬದಿಗೊಂದು ಬೆರಳುದ್ದದ ಡಬ್ಬಿ ಕಂಡಿತು. ಯಹೂದಿಗಳ ಬಾಗಿಲಿನ ಇಂಥ ಡಬ್ಬಿಯೊಳಗೆ ಶಾಸ್ತ್ರವಾಕ್ಯ ಬರೆದ ಸುರುಳಿ ಇರುತ್ತದೆಂದು ಕೋರ್ಸಿನಲ್ಲಿ ಕೇಳಿದ್ದ. ಡಬ್ಬಿ ಓರೆಯಾಗಿತ್ತು. ಎಂಜಿನಿಯರನ ಕೈ ಸುಮ್ಮನಿರದೆ ನೆಟ್ಟಗೆ ಮಾಡಲು ಹೋಯಿತು. ಸ್ಕ್ರೂ ಕಿತ್ತು ಡಬ್ಬಿ ಅಂಗೈಗೆ ಬಂತು. ಮುಚ್ಚಳ ಕಳಚಿತು; ಒಳಗೆ ಏನೂ ಇರಲಿಲ್ಲ.

"ಮನೆ ಕೊಂಡಾಗಲೇ ಇತ್ತು. ನಾನು ತೆರೆದೇ ನೋಡಿರಲಿಲ್ಲ," ಎಂದರು ಹಾರ್ವಿ. "ಆದರೆ ಅದು ಓರೆಯಾಗಿಯೇ ಇರಬೇಕು. ಯಾಕೋ ಗೊತ್ತಿಲ್ಲ. ಹಿಡಿದುಕೊಂಡಿರಿ, ಸ್ಕ್ರೂಡ್ರೈವರ್ ತರುತ್ತೇನೆ."

ನಿಜಗುಣ ಖಾಲಿ ಡಬ್ಬಿಯನ್ನು ಎರಡೂ ಕೈಯಿಂದ ಚೌಕಟ್ಟಿಗೆ ಒತ್ತಿ ಹಿಡಿದ. ಹಳೆಯ ಬಣ್ಣದ ಗುರುತಿಗೆ ಸರಿಯಾಗಿ, ಕೂದಲೆಳೆಯಷ್ಟೂ ತಪ್ಪದಂತೆ ಓರೆಮಾಡಿದ. ಮಹಿಮಾ ಹಾರ್ನ್ ಬಾರಿಸಿದಳು. ಕೈ ಬಿಡುವಂತಿರಲಿಲ್ಲ.